ಸ್ಥಾಪನೆ ಕೆಟ್ಟು ನಿಂತಾಗ ಕಾರಣವನ್ನು ಶೋಧಿಸುವ ಕ್ರಮ

ನಮ್ಮ ಪಾಠಶಾಲೆಯಲ್ಲಿ ಕಲಿತು ಹೋದ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಆಸ್ಪತ್ರೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ಸರ್ವರುಗಳೆಂಬ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೊಣೆಯನ್ನು ಹೊತ್ತಿದ್ದಾರೆ. ಈಗ ಕಲಿಯುತ್ತಿರುವ ಹುಡುಗಿಯರ ಹೆತ್ತವರಲ್ಲಿ ಅನೇಕರು, ಈ ಯಂತ್ರವಿದ್ಯೆಯಿಂದ ತಮ್ಮ ಮಗಳ ಬುದ್ಧಿಗೆ ಯಾವ ಸಂಸ್ಕಾರವಾಗುವುದೆಂದು ನಮ್ಮನ್ನು ಕೇಳುವುದುಂಟು. ಈ ಎರಡು ವರ್ಗದ ವಾಚಕರಿಗೂ ಪ್ರಯೋಜನವಾಗಬಹುದೆಂಬ ಅಪೇಕ್ಷೆಯಿಂದ, ಲಿನಕ್ಸ್ ಸರ್ವರಿನಲ್ಲಿ ಒಂದು ಪ್ಯಾಕೇಜಿನ ಸ್ಥಾಪನೆಯು ನಡುವೆ ಕೆಟ್ಟು ನಿಂತಾಗ ಅದರ ಕಾರಣವನ್ನು ಕಂಡುಹಿಡಿಯತಕ್ಕ ಕ್ರಮವನ್ನು ಇಲ್ಲಿ ಪಾಠರೂಪವಾಗಿ ಬರೆಯುತ್ತೇವೆ.

ಪಾಠದ ಸಾರವನ್ನು ಮೊದಲೇ ಹೇಳುತ್ತೇವೆ. ಯಂತ್ರವು ಎಲ್ಲಕ್ಕಿಂತ ಕೊನೆಯಲ್ಲಿ ಬರೆಯುವ ಸಾಲು ಸಾಮಾನ್ಯವಾಗಿ ಕೆಲಸ ಕೆಟ್ಟಿತೆಂಬ ಕೂಗು ಮಾತ್ರ. ಕೆಟ್ಟ ಕಾರಣವು ಅದಕ್ಕಿಂತ ಮೇಲೆ, ಅಥವಾ ಬೇರೊಂದು ದಿನಚರಿಯಲ್ಲಿ, ಬರೆಯಲ್ಪಟ್ಟಿರುತ್ತದೆ. ಅದನ್ನು ಓದಿ ತಿಳಿಯುವ ಮುಂಚೆ ಯಾವುದನ್ನೂ ಅಳಿಸತಕ್ಕದ್ದಲ್ಲ.

ಪ್ಯಾಕೇಜು ಎಂದರೇನು?

ಲಿನಕ್ಸಿನ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಪ್ರಕಟಿಸಿದರು. ಆ ತಿರುಳಿನ ಸುತ್ತಲೂ ಬೇಕಾದ ಉಪಕರಣಗಳನ್ನೆಲ್ಲಾ ಕೂಡಿಸಿ ಜನರಿಗೆ ಒದಗಿಸುವ ಸಂಗ್ರಹಗಳು ಅನೇಕ ಇವೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಅವುಗಳಲ್ಲಿ ಒಂದು. ಅದರ ಆಧಾರದ ಮೇಲೆ 2004ರಲ್ಲಿ ಹುಟ್ಟಿದ್ದು ಉಬುಂಟು. ನಾವು ಹೇಳತಕ್ಕ ಸಂಗತಿಗಳು ಈ ಎರಡಕ್ಕೂ ಸಲ್ಲುವವು.

ಪ್ಯಾಕೇಜು ಎಂಬುದು ಒಂದು ಕಟ್ಟು. ಅದರೊಳಗೆ ಮೂರು ಬಗೆಯ ವಸ್ತುಗಳಿರುತ್ತವೆ: ಸ್ಥಾಪಿಸಬೇಕಾದ ಫೈಲುಗಳು; ಈ ಕಟ್ಟಿಗೆ ಮುಂಚಿತವಾಗಿ ಬೇಕಾದ ಇತರ ಕಟ್ಟುಗಳ ಪಟ್ಟಿ; ಫೈಲುಗಳನ್ನು ಇಟ್ಟಾದ ಮೇಲೆ ನಡೆಯಬೇಕಾದ ಸಣ್ಣ ಆಜ್ಞಾಪತ್ರಗಳು. ಆಪ್ಟ್ ಎಂಬ ಉಪಕರಣವು ಕಟ್ಟುಗಳನ್ನು ದೂರದ ಭಂಡಾರದಿಂದ ತರಿಸಿ, ಯಾವುದಕ್ಕೆ ಯಾವುದು ಬೇಕೆಂದು ಲೆಕ್ಕ ಹಾಕುತ್ತದೆ. ಡಿಪಿಕೆಜಿ ಎಂಬುದು ಅವುಗಳನ್ನು ಬಿಚ್ಚಿ ಅಳವಡಿಸುತ್ತದೆ.

ಗೃಹಿಣಿಯರಿಗೆ ಇದು ಹೊಸ ಸಂಗತಿಯಲ್ಲ. ಅಂಗಡಿಯಿಂದ ದಿನಸಿಯನ್ನು ತರಿಸುವುದು ಒಂದು ಕೆಲಸ, ತಂದದ್ದನ್ನು ಬಿಚ್ಚಿ ಡಬ್ಬಿಗಳಲ್ಲಿ ತುಂಬುವುದು ಮತ್ತೊಂದು, ಒಲೆ ಹೊತ್ತಿಸಿ ಅಡಿಗೆಗೆ ಕೂರುವುದು ಇನ್ನೊಂದು. ಊಟವು ಸಿದ್ಧವಾಗಲಿಲ್ಲವಾದರೆ, ಯಾವ ಕೆಲಸದಲ್ಲಿ ತಡೆಯಾಯಿತೆಂದು ಮೊದಲು ಕೇಳಬೇಕಷ್ಟೆ. ಒಲೆ ಹೊತ್ತದೆ ಇರುವಾಗ ಅಂಗಡಿಯವನನ್ನು ಬೈದು ಫಲವಿಲ್ಲ.

ತಡೆಯು ಎಲ್ಲಿ ಉಂಟಾಗುವುದು?

ತರಿಸುವ ಹಂತದಲ್ಲಿ ಬರುವ ತಡೆಗಳು ಸುಲಭವಾದವು. ಭಂಡಾರದ ಹೆಸರಿನಿಂದ ವಿಳಾಸವು ದೊರೆಯಲಿಲ್ಲವೆಂದು ಸಂದೇಶ ಬಂದರೆ, ದೋಷವು ಜಾಲದ್ದೇ ಹೊರತು ಪ್ಯಾಕೇಜಿನದಲ್ಲ. ಭಂಡಾರದ ಪಟ್ಟಿಯು ಇನ್ನೂ ಜಾರಿಗೆ ಬಂದಿಲ್ಲವೆಂದು ಹೇಳಿದರೆ, ಸರ್ವರಿನ ಗಡಿಯಾರವು ಹಿಂದೆ ಬಿದ್ದಿರಬಹುದು. 'ಟೈಮ್‌ಡೇಟ್‌ಸಿಟಿಎಲ್' ಎಂಬ ಆಜ್ಞೆಯಿಂದ ವೇಳೆಯನ್ನು ನೋಡತಕ್ಕದ್ದು. ಸಹಿಯನ್ನು ಪರೀಕ್ಷಿಸುವ ಕೀಲಿ ಇಲ್ಲವೆಂದರೆ, ಆ ಭಂಡಾರವು ಯಾರದೆಂದು ವಿಚಾರಿಸದೆ ಕೀಲಿಯನ್ನು ಸೇರಿಸಬಾರದು. 404 ಎಂಬ ಅಂಕೆ ಬಂದರೆ, ನಮ್ಮಲ್ಲಿರುವ ಪಟ್ಟಿ ಹಳೆಯದು. 'ಸುಡೋ ಆಪ್ಟ್ ಅಪ್‌ಡೇಟ್' ಎಂಬುದರಿಂದ ಹೊಸ ಪಟ್ಟಿಯನ್ನು ತರಿಸಬೇಕು. ಆಗಲೂ ಹೋಗದಿದ್ದರೆ ಆವೃತ್ತಿಯೇ ಹಳೆಯದಾಗಿ ಪ್ರಾಚೀನ ಸಂಗ್ರಹಕ್ಕೆ ಸೇರಿರಬಹುದು. 2017ರಲ್ಲಿ ಹೊರಬಿದ್ದ ಡೆಬಿಯನ್ 9ಕ್ಕೆ ದೀರ್ಘಾವಧಿಯ ಪೋಷಣೆಯು 2022ರಲ್ಲಿ ಮುಗಿದ ಬಳಿಕ ಹಾಗೆಯೇ ಆಯಿತು.

ಲೆಕ್ಕದ ಹಂತದಲ್ಲಿ, ಬೇಕಾದ ಇತರ ಕಟ್ಟುಗಳು ಹೊಂದಿಕೊಳ್ಳಲಿಲ್ಲವೆಂಬ ಸಂದೇಶ ಬರುತ್ತದೆ. ಬೇರೆ ಆವೃತ್ತಿಯ ಅಥವಾ ಹೊರಗಿನವರ ಭಂಡಾರವನ್ನು ನಡುವೆ ಸೇರಿಸಿದ್ದೇ ಇದಕ್ಕೆ ಹೆಚ್ಚಾಗಿ ಕಾರಣ. 'ಆಪ್ಟ್ ಪಾಲಿಸಿ' ಎಂಬ ಆಜ್ಞೆಯ ಮುಂದೆ ಪ್ಯಾಕೇಜಿನ ಹೆಸರನ್ನು ಬರೆದರೆ, ಯಾವ ಆವೃತ್ತಿಯು ಯಾವ ಭಂಡಾರದಿಂದ ಬರುತ್ತದೆಂದು ತಿಳಿಯುವುದು.

ಬೀಗದ ಸಂದೇಶವೂ ಒಂದುಂಟು. ಇಬ್ಬರು ಏಕಕಾಲದಲ್ಲಿ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಬಾರದೆಂದು ಡಿಪಿಕೆಜಿಯು ಬೀಗ ಹಾಕಿಕೊಳ್ಳುತ್ತದೆ. ತಾನಾಗಿ ನಡೆಯುವ ರಕ್ಷಣಾಕಾರ್ಯವು ಒಳಗೆ ನಡೆಯುತ್ತಿದ್ದರೆ ನಮಗೆ ಬಾಗಿಲು ತೆರೆಯದು. ಹೊಸ ಆವೃತ್ತಿಗಳು ಬೀಗ ಹಿಡಿದವರ ಹೆಸರನ್ನೂ ಸಂಖ್ಯೆಯನ್ನೂ ತಾವೇ ಹೇಳುತ್ತವೆ. ಇಲ್ಲಿ ಕಾಯುವುದೇ ಔಷಧ. ಬೀಗದ ಫೈಲನ್ನು ಅಳಿಸಿ ಒಳನುಗ್ಗಿದರೆ ಲೆಕ್ಕದ ಪುಸ್ತಕವೇ ಕೆಡಬಹುದು.

ಬಿಚ್ಚುವ ಹಂತದಲ್ಲಿ ಸಾಮಾನ್ಯ ಶತ್ರುವು ಸ್ಥಳದ ಕೊರತೆ. 'ಡಿಎಫ್ -ಎಚ್' ಎಂಬುದು ಡಿಸ್ಕಿನಲ್ಲಿ ಉಳಿದ ಸ್ಥಳವನ್ನು ತೋರಿಸುತ್ತದೆ. ಸ್ಥಳವಿದ್ದೂ ಇಲ್ಲವೆಂದು ಯಂತ್ರವು ಹೇಳಿದರೆ 'ಡಿಎಫ್ -ಐ' ಎಂದು ಕೇಳಬೇಕು. ಸಣ್ಣ ಫೈಲುಗಳು ವಿಪರೀತವಾಗಿ ಸೇರಿ, ಫೈಲುಗಳಿಗೆ ಕೊಡತಕ್ಕ ಅಂಕೆಗಳೇ ತೀರಿಹೋಗಿರಬಹುದು. ಗೋಪುರ ಕಟ್ಟುವವನು ಮುಂಚಿತವಾಗಿ ಕುಳಿತು ಖರ್ಚಿನ ಲೆಕ್ಕ ನೋಡಬೇಕೆಂಬ ಲೂಕನ ಸುವಾರ್ತೆಯ ಸಾಮ್ಯವು ಇಲ್ಲಿಯೂ ಅನ್ವಯಿಸುತ್ತದೆ.

ಅಳವಡಿಸುವ ಹಂತವೇ ಎಲ್ಲಕ್ಕಿಂತ ಕಠಿಣ. ಫೈಲುಗಳೆಲ್ಲಾ ತಮ್ಮ ಸ್ಥಾನಕ್ಕೆ ಬಂದಿರುತ್ತವೆ; ಆದರೆ ಕೊನೆಯ ಆಜ್ಞಾಪತ್ರವು ಸೋತು ಹಿಂದಿರುಗುತ್ತದೆ. ಪ್ಯಾಕೇಜು ಅರ್ಧಕ್ಕೆ ನಿಂತು, ಇತರ ಸ್ಥಾಪನೆಗಳಿಗೂ ಅಡ್ಡಿಯಾಗುತ್ತದೆ. ಇದನ್ನು ಒಂದು ನಿದರ್ಶನದಿಂದ ವಿವರಿಸುವೆವು.

ಒಂದು ನಿದರ್ಶನ

ನಮ್ಮ ಪಾಠಶಾಲೆಯ ಸರ್ವರಿನಲ್ಲಿ ಹಳೆ ವಿದ್ಯಾರ್ಥಿನಿಯರ ದಾಖಲೆಯು ಮೈಎಸ್‌ಕ್ಯೂಎಲ್ ಎಂಬ ದತ್ತಾಂಶಭಂಡಾರದಲ್ಲಿ ಇದೆ. ಮೂಲದ ಹಾಜರಿ ಮತ್ತು ಪ್ರವೇಶ ಪುಸ್ತಕಗಳಲ್ಲಿ ಕೆಲವನ್ನು ಗೆದ್ದಲು ತಿಂದುಬಿಟ್ಟಿರುವುದರಿಂದ, ಅನೇಕರ ಜನ್ಮದಿನಾಂಕಕ್ಕೆ ಈಗ ಇದೇ ಆಧಾರ. ನಿವೃತ್ತಿವೇತನಕ್ಕಾಗಿ ವಯಸ್ಸಿನ ಪ್ರಮಾಣಪತ್ರವನ್ನು ಕೇಳಿಕೊಂಡು ಬರುವ ವೃದ್ಧೆಗೆ ನಾವು ಕೊಡತಕ್ಕ ಉತ್ತರವು ಈ ಭಂಡಾರದೊಳಗೇ ಇರುವುದು.

ಉಬುಂಟು 18.04ಕ್ಕೆ ಸಾಮಾನ್ಯ ಪೋಷಣೆಯು 2023ರ ಮೇ ತಿಂಗಳಲ್ಲಿ ಮುಗಿಯುವುದಿತ್ತು. ಆದಕಾರಣ ಆ ವರ್ಷದ ಬೇಸಗೆಯ ರಜೆಯಲ್ಲಿ ಸರ್ವರನ್ನು 20.04ಕ್ಕೆ ಏರಿಸಲಾಯಿತು. ಭಂಡಾರದ ಒಂದು ಪ್ರತಿಯನ್ನು ಮುಂಚಿತವಾಗಿಯೇ ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟು, ದಾಖಲೆಗಳ ಒಟ್ಟು ಎಣಿಕೆಯನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೆವು. ಏರಿಸುವಾಗ ಮೈಎಸ್‌ಕ್ಯೂಎಲ್ 5.7ರ ಸ್ಥಾನಕ್ಕೆ 8.0 ಬರಬೇಕಾಗಿತ್ತು, ಅದರ ಸ್ಥಾಪನೆಯು ನಡುವೆ ನಿಂತಿತು. ಡಿಪಿಕೆಜಿಯು ಒಂದನೆಯ ದೋಷಾಂಕದೊಡನೆ ಹಿಂದಿರುಗಿತೆಂಬುದೇ ಪರದೆಯ ಕೊನೆಯ ಸಾಲು.

ದೂರವಾಣಿಯಲ್ಲಿ ವಿಚಾರಿಸಲ್ಪಟ್ಟ ಒಬ್ಬ ಹಿತೈಷಿಯು, ಮೈಎಸ್‌ಕ್ಯೂಎಲ್ಲನ್ನು 'ಪರ್ಜ್' ಎಂಬ ಆಜ್ಞೆಯಿಂದ ಬೇರುಸಹಿತ ಕಿತ್ತು ಹೊಸದಾಗಿ ಸ್ಥಾಪಿಸಿರೆಂದು ಸಲಹೆ ಕೊಟ್ಟರು. ಇಂಥ ಸಲಹೆಯು ಎಲ್ಲೆಲ್ಲಿಯೂ ದೊರೆಯುತ್ತದೆ. ಆದರೆ 'ರಿಮೂವ್' ಎಂಬುದಕ್ಕೂ 'ಪರ್ಜ್' ಎಂಬುದಕ್ಕೂ ಇರುವ ಭೇದವನ್ನು ಅರಿಯಬೇಕು. ಮೊದಲನೆಯದು ಕಾರ್ಯಕ್ರಮವನ್ನು ಮಾತ್ರ ತೆಗೆದು ಅದರ ವಿನ್ಯಾಸದ ಫೈಲುಗಳನ್ನು ಬಿಡುತ್ತದೆ. ಎರಡನೆಯದು ಅವುಗಳನ್ನೂ ಅಳಿಸುತ್ತದೆ. ಅಷ್ಟಲ್ಲದೆ ಮೈಎಸ್‌ಕ್ಯೂಎಲ್ ಸರ್ವರನ್ನು ಪರ್ಜ್ ಮಾಡುವಾಗ, ದತ್ತಾಂಶಭಂಡಾರಗಳನ್ನೆಲ್ಲಾ ತೆಗೆದುಬಿಡಲೇ ಎಂಬ ಪ್ರಶ್ನೆಯು ಕೇಳಲ್ಪಡುತ್ತದೆ. ಅವಸರದಲ್ಲಿ ಹೌದೆಂದವಳು ತನ್ನ ಸಂಗ್ರಹವೆಲ್ಲವನ್ನೂ ಕಳೆದುಕೊಳ್ಳುವಳು. ಇದು ನೆಗಡಿ ಬಂತೆಂದು ಮೂಗನ್ನು ಕೊಯ್ದ ಹಾಗೆಯೇ ಸರಿ.

ಆದುದರಿಂದ ಆ ಸಲಹೆಯನ್ನು ಬದಿಗಿಟ್ಟು, ಭಂಡಾರವು ನಿಂತಿರುವಾಗಲೇ '/ವಾರ್/ಲಿಬ್/ಮೈಎಸ್‌ಕ್ಯೂಎಲ್' ಎಂಬ ಕೋಶದ ಎರಡನೆಯ ಪ್ರತಿಯನ್ನು ತೆಗೆದೆವು. ಅನಂತರ ಕಂಪ್ಯೂಟರ್ ಉಪಾಧ್ಯಾಯಿನಿಯೂ ಹತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿನಿಯರೂ ಕೂಡಿ, ಪರದೆಯ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ ಪುಸ್ತಕದಲ್ಲಿ ಬರೆದುಕೊಂಡರು.

ಕೊನೆಯ ಸಾಲಿನ ಮೇಲೆ ಕೆಟ್ಟ ಪ್ಯಾಕೇಜುಗಳ ಹೆಸರುಗಳು ಎರಡಿದ್ದವು: ಮೈಎಸ್‌ಕ್ಯೂಎಲ್-ಸರ್ವರ್-8.0 ಎಂಬುದೊಂದು, ಮೈಎಸ್‌ಕ್ಯೂಎಲ್-ಸರ್ವರ್ ಎಂಬುದೊಂದು. ಇನ್ನೂ ಮೇಲೆ ನೋಡಲಾಗಿ, ಎರಡನೆಯದು ಮೊದಲನೆಯದನ್ನು ಅವಲಂಬಿಸಿದೆ, ಮೊದಲನೆಯದು ಅಳವಡದ ಕಾರಣ ಇದೂ ಅಳವಡಲಿಲ್ಲ ಎಂದು ಬರೆದಿತ್ತು. ರೋಗಿಯು ಒಬ್ಬಳೇ; ಮತ್ತೊಬ್ಬಳು ಅವಳಿಗಾಗಿ ಕಾದು ಕುಳಿತವಳು. ಅದಕ್ಕೂ ಮೇಲೆ, ಸ್ಥಾಪನೋತ್ತರ ಆಜ್ಞಾಪತ್ರವು ಸೋತಿತೆಂದೂ, ಸೋಲಿಗೆ ಕಾರಣ ಮೈಎಸ್‌ಕ್ಯೂಎಲ್ ಸೇವೆಯು ಎದ್ದು ನಿಲ್ಲದೆ ಹೋದದ್ದೆಂದೂ ಇತ್ತು. ಹೀಗೆ ಪ್ರಶ್ನೆಯು ಬದಲಾಯಿತು. ಪ್ಯಾಕೇಜು ಏಕೆ ಕೂರಲಿಲ್ಲ ಎಂಬುದನ್ನು ಬಿಟ್ಟು, ಸೇವೆಯು ಏಕೆ ಏಳಲಿಲ್ಲ ಎಂದು ಕೇಳಬೇಕಾಯಿತು.

ಇದಕ್ಕೆ ಉತ್ತರವು ಪರದೆಯ ಮೇಲೆ ಇರಲಿಲ್ಲ. '/ವಾರ್/ಲಾಗ್/ಮೈಎಸ್‌ಕ್ಯೂಎಲ್/ಎರರ್.ಲಾಗ್' ಎಂಬ ದಿನಚರಿಯಲ್ಲಿ 'ಕ್ವೆರಿ_ಕ್ಯಾಶ್_ಲಿಮಿಟ್' ಎಂಬ ಪದವು ತನಗೆ ತಿಳಿಯದೆಂದು ಮೈಎಸ್‌ಕ್ಯೂಎಲ್ ಬರೆದಿತ್ತು. ಹಿಂದೆ ಕೇಳಿದ ಪ್ರಶ್ನೆಗಳ ಉತ್ತರಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಕ್ವೆರಿ ಕ್ಯಾಶ್ ಎಂಬ ಏರ್ಪಾಡು 5.7ರಲ್ಲಿ ಇತ್ತು, 2018ರಲ್ಲಿ ಹೊರಬಿದ್ದ 8.0ರಲ್ಲಿ ಅದನ್ನು ತೆಗೆದುಹಾಕಲಾಯಿತು. ಆದರೆ ನಮ್ಮ ವಿನ್ಯಾಸದ ಫೈಲು ಕೈಯಿಂದ ತಿದ್ದಲ್ಪಟ್ಟಿದ್ದುದರಿಂದ, ಏರಿಸುವಾಗ ನಮ್ಮ ತಿದ್ದುಪಡಿಗಳು ಹೋಗದಂತೆ ಹಳೆಯದೇ ಉಳಿಸಲ್ಪಟ್ಟಿತ್ತು. ಹೊಸ ಅಡಿಗೆಯವಳ ಕೈಗೆ ಹಳೆಯ ಮನೆಯ ಪಟ್ಟಿ ಬಂದಂತಾಯಿತು. ಅದರಲ್ಲಿ ಹೇಳಿದ ಪಾತ್ರೆಯು ಈಗ ಮನೆಯಲ್ಲಿಲ್ಲ.

ಮುಂದಿನ ಸಾಲಿನಲ್ಲಿಯೂ 'ಕ್ವೆರಿ_ಕ್ಯಾಶ್_ಸೈಜ್' ಎಂಬ ಅದೇ ವಂಶದ ಪದವಿರುವುದನ್ನು ಒಬ್ಬ ವಿದ್ಯಾರ್ಥಿನಿಯು ಗುರುತಿಸಿದಳು. ಎರಡು ಸಾಲುಗಳನ್ನೂ ಅಳಿಸದೆ, ಪ್ರತಿಯೊಂದರ ಮೊದಲಿಗೆ # ಎಂಬ ಗುರುತನ್ನು ಇಟ್ಟು ನಿಷ್ಕ್ರಿಯಗೊಳಿಸಲಾಯಿತು. ಬಳಿಕ 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಎಂಬ ಆಜ್ಞೆಯನ್ನು ಕೊಡಲು, ಅರ್ಧಕ್ಕೆ ನಿಂತಿದ್ದ ಎರಡು ಪ್ಯಾಕೇಜುಗಳೂ ಕ್ರಮವಾಗಿ ಅಳವಟ್ಟವು. 'ಡಿಪಿಕೆಜಿ --ಆಡಿಟ್' ಎಂಬುದು ಏನನ್ನೂ ಹೇಳದೆ ಸುಮ್ಮನಿತ್ತು; ದೋಷವಿಲ್ಲವೆಂಬುದೇ ಆ ಮೌನದ ಅರ್ಥ. ಕೊನೆಗೆ ದಾಖಲೆಗಳನ್ನು ಎಣಿಸಿ ನೋಡಲಾಗಿ, ಪುಸ್ತಕದಲ್ಲಿ ಬರೆದಿದ್ದ ಎಣಿಕೆಯೊಡನೆ ಸರಿಹೋಯಿತು.

ಇನ್ನೊಂದು ಮಾತನ್ನು ಇಲ್ಲಿ ಸೇರಿಸಬೇಕು. 8.0 ಒಮ್ಮೆ ಹಳೆಯ ಭಂಡಾರವನ್ನು ತೆರೆದು ಮಾರ್ಪಡಿಸಿದ ಮೇಲೆ, ಅದೇ ಭಂಡಾರವನ್ನು 5.7ಕ್ಕೆ ಹಿಂದಕ್ಕೆ ಕೊಡಲು ಬಾರದು. ಹಿಂದಿರುಗುವ ದಾರಿಯೆಂದರೆ ಮುಂಚೆ ತೆಗೆದಿಟ್ಟ ಪ್ರತಿಯೊಂದೇ.

ನೆನಪಿನಲ್ಲಿಡತಕ್ಕ ನಿಯಮಗಳು

1. ಕೆಲಸಕ್ಕೆ ಕೈಹಚ್ಚುವ ಮುಂಚೆ ಪ್ರತಿಯನ್ನು ತೆಗೆದು, ಅದು ತೆರೆಯುವುದೆಂದು ನೋಡಿ, ಬೇರೆ ಡಿಸ್ಕಿನಲ್ಲಿ ಇಡತಕ್ಕದ್ದು.

2. ದೋಷ ಬಂದೊಡನೆ ಅದೇ ಆಜ್ಞೆಯನ್ನು ಪುನಃ ಪುನಃ ಕೊಡಬಾರದು. ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿ, ಮೊತ್ತಮೊದಲನೆಯ ದೋಷವನ್ನು ಹಿಡಿಯಬೇಕು.

3. ಪರದೆಯು ಅಳಿದುಹೋದರೆ ಹೆದರಬೇಕಾಗಿಲ್ಲ. '/ವಾರ್/ಲಾಗ್/ಆಪ್ಟ್' ಎಂಬ ಕೋಶದ 'ಟರ್ಮ್.ಲಾಗ್' ಎಂಬ ಫೈಲಿನಲ್ಲಿ ಆ ಮಾತುಗಳು ಉಳಿದಿರುತ್ತವೆ.

4. ಸೇವೆಯೊಂದು ಏಳದಿದ್ದರೆ 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್', 'ಜರ್ನಲ್‌ಸಿಟಿಎಲ್' ಎಂಬವುಗಳಲ್ಲಿಯೂ, ಆ ಸೇವೆಯ ಸ್ವಂತ ದಿನಚರಿಯಲ್ಲಿಯೂ ವಿಚಾರಿಸಬೇಕು.

5. ಒಂದು ಸಾರಿಗೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಬರೆದಿಡಬೇಕು.

6. ಬಲಾತ್ಕಾರದ ಆಜ್ಞೆಗಳನ್ನೂ ಪರ್ಜ್ ಎಂಬುದನ್ನೂ, ಅವು ಏನನ್ನು ಅಳಿಸುವವೆಂದು ತಿಳಿಯದೆ ಉಪಯೋಗಿಸಬಾರದು.

7. ಸರಿಯಾಯಿತೆಂದು ನಂಬಿ ಎದ್ದುಹೋಗದೆ, ಎಣಿಸಿ ನೋಡಿ ನಿಶ್ಚಯಿಸಿಕೊಳ್ಳಬೇಕು.

ಹೆತ್ತವರ ಪ್ರಶ್ನೆಗೆ ನಮ್ಮ ಉತ್ತರವು ಈ ನಿಯಮಗಳಲ್ಲಿಯೇ ಅಡಗಿದೆ. ಯಂತ್ರವು ಇಂಗ್ಲಿಷಿನಲ್ಲಿ ಹತ್ತು ಸಾಲು ಕೂಗಿದಾಗ, ಕಣ್ಣು ಮುಚ್ಚಿಕೊಂಡು ಬೇರೊಬ್ಬರನ್ನು ಕರೆಯುವ ಅಭ್ಯಾಸವು ನಮ್ಮ ಹುಡುಗಿಯರಲ್ಲಿ ಬಹಳ ಉಂಟು. ತಮಗೆ ತಿಳಿಯದೆಂದು ಅವರು ಓದುವ ಮುಂಚೆಯೇ ನಿಶ್ಚಯಿಸಿಬಿಡುತ್ತಾರೆ. ಹತ್ತು ಸಾಲುಗಳನ್ನು ತಾಳ್ಮೆಯಿಂದ ಓದಿ, ಕೂಗನ್ನೂ ಕಾರಣವನ್ನೂ ಬೇರ್ಪಡಿಸಬಲ್ಲ ಹುಡುಗಿಯು ಮುಂದೆ ರೋಗಿಯ ಹಾಸಿಗೆಯ ಬಳಿಯಲ್ಲಿಯೂ, ನ್ಯಾಯಸ್ಥಾನದಲ್ಲಿಯೂ, ತನ್ನ ಮನೆಯ ಕಲಹದಲ್ಲಿಯೂ ಅದೇ ಬುದ್ಧಿಯನ್ನು ಉಪಯೋಗಿಸುವಳು.

ಉಬುಂಟು 20.04ಕ್ಕೂ ಸಾಮಾನ್ಯ ಪೋಷಣೆಯು 2025ರಲ್ಲಿ ಮುಗಿದಿರುವುದರಿಂದ ಇಂಥ ಕೆಲಸವು ಪುನಃ ಪುನಃ ಬರತಕ್ಕದ್ದೇ. ಆ ರಜೆಯಲ್ಲಿ ವಿದ್ಯಾರ್ಥಿನಿಯರು ಬರೆದ ಪುಸ್ತಕವು ಕಂಪ್ಯೂಟರ್ ಕೊಠಡಿಯ ಮೇಜಿನ ಮೇಲೆ ಇದೆ. ಈ ವೃತ್ತಿಯಲ್ಲಿರುವ ಹಳೆ ವಿದ್ಯಾರ್ಥಿನಿಯರು ಊರಿಗೆ ಬಂದಾಗ ಪಾಠಶಾಲೆಯ ಕಡೆಗೂ ಬಂದು, ತಾವು ಕಂಡ ಒಂದೊಂದು ದೋಷವನ್ನೂ ಅದರ ಕಾರಣವನ್ನೂ ಆ ಪುಸ್ತಕದಲ್ಲಿ ಬರೆದುಹೋಗಬೇಕೆಂದು ನಮ್ಮ ಬಿನ್ನಹ. ಖಾಲಿ ಪುಟಗಳು ಇನ್ನೂ ಬಹಳ ಇವೆ.