ಹೇಳದೆ ಬಿಟ್ಟರೆ ಏನಾಗುತ್ತದೆ?

ನೋಡಮ್ಮ, ಕಾಮನ್ ಲಿಸ್ಪ್‌ನಲ್ಲಿ ಫಂಕ್ಷನ್ ಬರೆಯುವಾಗ ಆರ್ಗ್ಯುಮೆಂಟು ಮೂರು ದಾಟಿತು ಅಂದರೆ ಸಾಲಾಗಿ ಪೇರಿಸುತ್ತಾ ಹೋಗಬೇಡ, ಕೀವರ್ಡ್ ಇಡು. ಕರೆಯುವ ಕಡೆ ಬರೀ ‘ಟಿ, ನಿಲ್, 16’ ಅಂತ ಕಂಡರೆ ನಾಳೆ ಓದುವವರಿಗೆ ಏನು ಗೊತ್ತಾದೀತು? ಪಾರ್ಸ್-ಇಂಟಿಜರ್‌ಗೆ ‘ರೇಡಿಕ್ಸ್ 16’ ಅಂತ ಹೆಸರು ಹಿಡಿದು ಹೇಳಿದರೆ ಮ್ಯಾನ್ಯುಯಲ್ ತೆಗೆಯುವ ಕೆಲಸವೇ ಇಲ್ಲ. ಹೇಳದಿದ್ದರೆ 10 ಅಂತ ಹಿಡಿಯುತ್ತದೆ. ಹೋಟೆಲಿನಲ್ಲಿ ಕಾಫಿ ಅಂದರೆ ಸಕ್ಕರೆ ಹಾಕಿಯೇ ತರುತ್ತಾರಲ್ಲ, ಬೇಡದವರು ಬಾಯಿಬಿಟ್ಟು ಹೇಳಬೇಕು. ಡಿಫಾಲ್ಟ್ ಅಂದರೆ ಅಷ್ಟೇ.

ಎಲ್ಲ ಡಿಫಾಲ್ಟೂ ಇಷ್ಟು ಸಾಧುವಲ್ಲ. ಮೆಂಬರ್ ಕೊಟ್ಟು ಸ್ಟ್ರಿಂಗ್‌ಗಳ ಪಟ್ಟಿಯಲ್ಲಿ ‘ಮೈಸೂರು’ ಹುಡುಕು. ಊರು ಕಣ್ಣೆದುರೇ ಇದ್ದರೂ ಉತ್ತರ ನಿಲ್! ಟೆಸ್ಟ್ ಏನೆಂದು ಹೇಳದಿದ್ದರೆ ಅದು ಇಕ್ಯುಎಲ್ ಬಳಸುತ್ತದೆ. ಅದಕ್ಕೆ ಅಕ್ಷರ ಬೇಕಿಲ್ಲ, ಎರಡೂ ಒಂದೇ ವಸ್ತುವೇ ಅಂತಷ್ಟೇ ನೋಡುತ್ತದೆ. ಟೆಸ್ಟ್‌ಗೆ ಈಕ್ವಲ್ ಕೊಟ್ಟರೆ ಸಿಕ್ಕಿತು. ಎರರ್ ಬಂದಿದ್ದರೆ ಒಳ್ಳೆಯದಿತ್ತು, ಇದು ತೆಪ್ಪಗೆ ‘ಇಲ್ಲ’ ಅಂದುಬಿಡುತ್ತದೆ. ಹಾಗಾಗಿ ನಿನ್ನ ಫಂಕ್ಷನ್‌ಗೆ ಡಿಫಾಲ್ಟ್ ಆರಿಸುವಾಗ, ಮರೆತವರಿಗೂ ತೊಂದರೆಯಾಗದ ಬೆಲೆಯನ್ನೇ ಇಡು. ಅಂಥದ್ದು ಇಲ್ಲವಾದರೆ ಡಿಫಾಲ್ಟೇ ಬೇಡ, ಕಡ್ಡಾಯ ಮಾಡು.

ಆಪ್ಷನಲ್ ಮತ್ತು ಕೀವರ್ಡ್ ಎರಡನ್ನೂ ಒಂದೇ ಫಂಕ್ಷನ್‌ನಲ್ಲಿ ಬೆರೆಸಬೇಡ. ಭಾಷೆ ಕಟ್ಟಿದವರೇ ಬೆರೆಸಿದ್ದಾರಲ್ಲ ಅಂತೀಯ? ರೀಡ್-ಫ್ರಮ್-ಸ್ಟ್ರಿಂಗ್ ನೋಡು. ‘10 20’ ಕೊಟ್ಟು ‘ಸ್ಟಾರ್ಟ್ 3’ ಅಂದರೆ 20 ಬರಬೇಕು, ಬರುವುದು 10. ಮೊದಲು ಎರಡು ಆಪ್ಷನಲ್ ಜಾಗಗಳಿವೆ. ನಿನ್ನ ಸ್ಟಾರ್ಟ್ ಒಂದರಲ್ಲಿ ಹೋಗಿ ಕೂತಿತು, 3 ಇನ್ನೊಂದರಲ್ಲಿ. ಎಸ್‌ಬಿಸಿಎಲ್‌ನಲ್ಲಿ ನೀನು ಹೀಗೆ ಬೆರೆಸಿ ಬರೆದರೆ ಕಂಪೈಲರ್ರೇ ಗೊಣಗುತ್ತದೆ. ಅದರ ಮಾತು ಕೇಳು.

ಇನ್ನೊಂದು, ಹೇಳದೆ ಬಿಡುವುದು ಬೇರೆ, ನಿಲ್ ಅಂತ ಹೇಳುವುದು ಬೇರೆ. ಒಳಗಿನ ಫಂಕ್ಷನ್‌ನಲ್ಲಿ ‘ಮಿತಿ’ಗೆ ಡಿಫಾಲ್ಟ್ 10 ಇದೆ ಅಂತಿಟ್ಟುಕೋ. ಅದರ ಮೇಲೊಂದು ಹೊದಿಕೆಯ ಫಂಕ್ಷನ್ ಬರೆದು, ಅಲ್ಲೂ ‘ಮಿತಿ’ ಕೀವರ್ಡ್ ಇಟ್ಟು, ಬಂದದ್ದನ್ನು ಹಾಗೇ ಒಳಕ್ಕೆ ದಾಟಿಸುತ್ತೀಯ. ಹೊರಗೆ ಯಾರೂ ಮಿತಿ ಹೇಳಲಿಲ್ಲ, ಒಳಕ್ಕೆ ನಿಲ್ ಹೋಯಿತು. ಆ 10ಕ್ಕೆ ಕೆಲಸವೇ ಬೀಳಲಿಲ್ಲ, ಮುಂದೆಲ್ಲೋ ಕೂಡುವಾಗ ಎರರ್. ಕೊಟ್ಟರೋ ಇಲ್ಲವೋ ತಿಳಿಯಬೇಕಾದರೆ ಡಿಫಾಲ್ಟ್ ಪಕ್ಕದಲ್ಲೇ ಮೂರನೆಯದಾಗಿ ಒಂದು ಹೆಸರು ಬರೆ, ‘ಮಿತಿ-ಪಿ’ ಅಂತ. ಕೊಟ್ಟಿದ್ದರೆ ಅದರಲ್ಲಿ ಟಿ ಇರುತ್ತದೆ, ಇಲ್ಲದಿದ್ದರೆ ನಿಲ್.

ಪೈತಾನ್‌ನಿಂದ ಬಂದವಳು ನೀನು, ಅಲ್ಲಿ ಡಿಫಾಲ್ಟ್ ಬೆಲೆ ಫಂಕ್ಷನ್ ಹುಟ್ಟುವಾಗ ಒಮ್ಮೆ ತಯಾರಾಗುತ್ತದೆ. ಇಲ್ಲಿ ಕರೆದಾಗಲೆಲ್ಲ ಹೊಸದಾಗಿ ಲೆಕ್ಕ. ಎಡದಿಂದ ಬಲಕ್ಕೆ ಹೋಗುವುದರಿಂದ ಹಿಂದಿನ ಆರ್ಗ್ಯುಮೆಂಟನ್ನೂ ಬಳಸಿಕೊಳ್ಳಬಹುದು. ಹಾಗಂತ ಮೈಮರೆಯಬೇಡ. ಕೋಟ್ ಹಾಕಿದ ಪಟ್ಟಿಯನ್ನು ಡಿಫಾಲ್ಟಾಗಿ ಇಟ್ಟು ಅದನ್ನೇ ಒಳಗೆ ತಿದ್ದಿದರೆ ಏನಾಗುತ್ತದೆ ಅಂತ ಸ್ಟಾಂಡರ್ಡೇ ಹೇಳುವುದಿಲ್ಲ. ತಿದ್ದುವ ಪಟ್ಟಿಯಾದರೆ ಲಿಸ್ಟ್ ಅಂತ ಕರೆದು ಅಲ್ಲೇ ಹೊಸದು ಮಾಡಿಕೋ.