ಹಳೇ ಕಿಟಕಿ ಬದಲಾಯಿಸೋ ಮುಂಚೆ: ಕಡಿಮೆ ಖರ್ಚಿನಲ್ಲಿ ಸರಿಯಾದ ಆಯ್ಕೆ ಹೇಗೆ?



ಈ ವಾರ ಹೊಲ ಬಿಟ್ಟು ಸ್ವಲ್ಪ ಮನೆ ಕಡೆ ಬರೋಣ. ಟೊಮೆಟೊಗೋ ರೇಷ್ಮೆಗೂಡಿಗೋ ಒಂದು ಒಳ್ಳೆ ರೇಟು ಸಿಕ್ತು ಅಂದ್ರೆ ನಮ್ಮ ಬಂಗಾರಪೇಟೆ, ಕೆಜಿಎಫ್ ಕಡೆ ಮೊದಲು ನೆನಪಾಗೋದು ಮನೆ ರಿಪೇರಿ. ಅದರಲ್ಲೂ ಕಿಟಕಿ. ಗೆದ್ದಲು ತಿಂದ ಚೌಕಟ್ಟು, ಮಳೆಗೆ ಉಬ್ಬಿ ಮುಚ್ಚೋಕೆ ಆಗದ ಬಾಗಿಲು, ತುಕ್ಕು ಹಿಡಿದ ಸರಳು. ಅಂಗಡಿಗೆ ಹೋಗಿ ಕೇಳಿದ್ರೆ "ಎಲ್ಲಾ ಕಿತ್ತು ಹೊಸದು ಹಾಕಿಸಿಬಿಡಿ ಸಾರ್" ಅಂತಾರೆ. ಅಲ್ಲಿಗೆ ಮುಂದಿನ ಬೆಳೆಗೆ ಇಟ್ಟಿದ್ದ ದುಡ್ಡು ಕಿಟಕಿಯಿಂದ ಆಚೆ ಹೋಯ್ತು ಅಂತಲೇ ಲೆಕ್ಕ.

ನಾನು ಓದಿದ್ದು ತೋಟಗಾರಿಕೆ, ಮಾಡೋದು ಸಾವಯವ ತರಕಾರಿ. ಬಂಗಾರಪೇಟೆ ಹತ್ತಿರದ ನಮ್ಮ ಸೈಜುಗಲ್ಲಿನ ಮನೆಯ ಕಿಟಕಿಗಳಿಗೆ ಕೈ ಹಾಕಿದಾಗ ಬೆಳೆಗೆ ಬಳಸೋ ಕ್ರಮವನ್ನೇ ಬಳಸಿದೆ. ಮೊದಲು ರೋಗ ಪತ್ತೆ, ಆಮೇಲೆ ಔಷಧಿ. ಒಂದು ಗಿಡಕ್ಕೆ ರೋಗ ಬಂದ್ರೆ ಇಡೀ ತೋಟ ಕೀಳಲ್ಲ ಅಲ್ವಾ? ಕಿಟಕಿಗಳನ್ನೂ ಒಟ್ಟಿಗೆ ತೂಗಬೇಡಿ. ಒಂದೊಂದು ಕಿಟಕಿಗೂ ಮೂರು ಪ್ರಶ್ನೆ ಕೇಳಿ: ಅದು ಯಾವ ದಿಕ್ಕಿಗಿದೆ? ಅದರ ಯಾವ ಭಾಗ ಕೆಟ್ಟಿದೆ? ಆ ಕೋಣೆಯಲ್ಲಿ ಯಾರು ಮಲಗ್ತಾರೆ, ಏನು ಕೆಲಸ ನಡೆಯುತ್ತೆ?

1. ಮೊದಲು ದಿಕ್ಕು ನೋಡಿ

ಫೋನಿನ ಕಂಪಾಸ್ ತೆಗೆದು ಪ್ರತಿ ಕಿಟಕಿ ಮುಂದೆ ನಿಂತು ದಿಕ್ಕು ಬರೆದುಕೊಳ್ಳಿ. ನಮ್ಮ ಭಾಗದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಜೋರು ಗಾಳಿ ಬರೋದು ಪಶ್ಚಿಮ ಮತ್ತು ನೈಋತ್ಯದಿಂದ. ಅಕ್ಟೋಬರ್, ನವೆಂಬರ್‌ನ ಹಿಂಗಾರು ಮಳೆ ಹೆಚ್ಚಾಗಿ ಪೂರ್ವದ ಗೋಡೆಗೆ ಹೊಡೆಯುತ್ತೆ. ಅಂದ್ರೆ ಪಶ್ಚಿಮದ ಕಿಟಕಿಗೆ ಧೂಳಿನ ಕಾಟ, ಪೂರ್ವದ ಕಿಟಕಿಗೆ ನೀರಿನ ಕಾಟ. ಒಂದೇ ಮಾದರಿಯ ಕಿಟಕಿ ಎರಡಕ್ಕೂ ಬೇಕಿಲ್ಲ.

ಕೆಜಿಎಫ್ ಒಳಗೆ ಇರೋರಿಗೆ ಇದು ಇನ್ನೂ ಮುಖ್ಯ. ಬಿಜಿಎಂಎಲ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆದ್ರೆ ಚಿನ್ನ ತೆಗೆದು ಉಳಿದ ಪುಡಿಮಣ್ಣು ಸೈನೈಡ್ ಗುಡ್ಡಗಳಾಗಿ ಇವತ್ತಿಗೂ ನಿಂತಿದೆ. ಗಾಳಿ ಬೀಸಿದಾಗ ಆ ನುಣುಪು ಧೂಳು ಅಕ್ಕಪಕ್ಕದ ಲೈನು ಮನೆಗಳಿಗೆ ನುಗ್ಗುತ್ತೆ. ಕಲ್ಲು ಅರೆದ ಪುಡಿ ಆದ್ದರಿಂದ ಅದರಲ್ಲಿ ಸಿಲಿಕಾ ಇದೆ. ಗಣಿಯೊಳಗೆ ದುಡಿದು ಸಿಲಿಕೋಸಿಸ್ ಬಂದ ಹಿರಿಯರು ಇರೋ ಮನೆಯಲ್ಲಿ ಕಿಟಕಿ ಅಂದ್ರೆ ಬರೀ ಅಂದಚೆಂದದ ಮಾತಲ್ಲ, ಉಸಿರಾಟದ ಮಾತು. ದುಡ್ಡು ಒಂದೇ ಕಿಟಕಿಗೆ ಸಾಲುತ್ತೆ ಅಂದ್ರೆ, ಅವರು ಮಲಗೋ ಕೋಣೆಯಲ್ಲಿ ಗುಡ್ಡದ ಕಡೆಗಿರೋ ಕಿಟಕಿಗೆ ಅದನ್ನು ಹಾಕಿ.

ಒಂದು ವಿಷಯ ನೆನಪಿರಲಿ: ಸೊಳ್ಳೆ ಜಾಲರಿ ಈ ಧೂಳನ್ನು ತಡೆಯಲ್ಲ. ಕಿಟಕಿ ಬಿಗಿಯಾಗಿ ಮುಚ್ಚಿಕೊಂಡರೆ ಮಾತ್ರ ಧೂಳು ನಿಲ್ಲುತ್ತೆ. ಒಳಗೆ ಬಂದ ಧೂಳನ್ನು ಪೊರಕೆಯಲ್ಲಿ ಎಬ್ಬಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

2. ರೋಗ ಪತ್ತೆ: ಒಂದು ಕಿಟಕಿಗೆ ಐದು ನಿಮಿಷ

• ಸ್ಕ್ರೂಡ್ರೈವರ್ ಪರೀಕ್ಷೆ: ಚೌಕಟ್ಟಿನ ಕೆಳಗಿನ ಎರಡು ಮೂಲೆಗಳಿಗೆ ಚುಚ್ಚಿ ನೋಡಿ. ಮರ ಮೊದಲು ಕೊಳೆಯೋದು ಅಲ್ಲೇ. ಗಟ್ಟಿಯಾಗಿ ತಡೆದರೆ ಚೌಕಟ್ಟು ಚೆನ್ನಾಗಿದೆ. ಸಲೀಸಾಗಿ ಒಳಗೆ ಇಳಿದರೆ ಕೊಳೆತಿದೆ.
• ತಟ್ಟಿ ನೋಡಿ: ಪೊಳ್ಳು ಶಬ್ದ ಬಂದ್ರೆ ಗೆದ್ದಲು ಇರಬಹುದು. ಗೋಡೆ ಮೇಲೆ ಮಣ್ಣಿನ ಸಾಲು ಇದೆಯಾ ನೋಡಿ.
• ಕಾಗದದ ಪರೀಕ್ಷೆ: ಕಾಗದ ಇಟ್ಟು ಕಿಟಕಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ. ಜಾರಿ ಬಂದ್ರೆ ಅಲ್ಲಿ ಸಂದಿ ಇದೆ.
• ಊದುಬತ್ತಿ ಪರೀಕ್ಷೆ: ಗಾಳಿ ಇರೋ ದಿನ ಕಿಟಕಿ ಮುಚ್ಚಿ, ಸುತ್ತಲೂ ಊದುಬತ್ತಿ ಹಿಡಿಯಿರಿ. ಹೊಗೆ ಎಲ್ಲಿ ಅಲ್ಲಾಡುತ್ತೋ ಅಲ್ಲೇ ಧೂಳಿನ ದಾರಿ.

ಫೋಟೊ ತೆಗೆದು ಪ್ರತಿ ಕಿಟಕಿಗೂ ಒಂದು ನಂಬರ್ ಕೊಡಿ. ಆಮೇಲೆ ಮೂರು ಗುಂಪು ಮಾಡಿ.

ರಿಪೇರಿ ಸಾಕು: ಚೌಕಟ್ಟು, ಬಾಗಿಲು ಎರಡೂ ಗಟ್ಟಿ. ಕೀಲು, ಚಿಲಕ ಬದಲಿಸಿ, ಉಬ್ಬಿದ ಅಂಚು ಹತ್ತರಿ ಹೊಡೆಸಿ, ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ.

ಬಾಗಿಲು ಮಾತ್ರ ಬದಲಿ: ಚೌಕಟ್ಟು ಗಟ್ಟಿ, ಬಾಗಿಲು ಕೆಟ್ಟಿದೆ. ಹಳೇ ಚೌಕಟ್ಟಿಗೇ ಹೊಸ ಗಾಜಿನ ಬಾಗಿಲು, ಜಾಲರಿ ಬಾಗಿಲು ಕೂರಿಸಬಹುದು. ಗೋಡೆ ಒಡೆಯೋ ಖರ್ಚು, ಗಾರೆ ಕೆಲಸ, ಬಣ್ಣ ಎಲ್ಲಾ ಉಳಿಯುತ್ತೆ. ಕೋಲಾರ ಸೀಮೆಯ ಹಳೇ ಮನೆಗಳಲ್ಲಿ ಕಲ್ಲಿನ ಚೌಕಟ್ಟು ಇದ್ರಂತೂ ಅದನ್ನು ಮುಟ್ಟಲೇಬೇಡಿ, ಅದಕ್ಕೆ ಗೆದ್ದಲೂ ಇಲ್ಲ, ತುಕ್ಕೂ ಇಲ್ಲ.

ಪೂರ್ತಿ ಬದಲಿ: ಚೌಕಟ್ಟೇ ಕೊಳೆತಿದೆ. ಇದಕ್ಕೆ ಮಾತ್ರ ಹೊಸ ಕಿಟಕಿ.

ನಮ್ಮ ಮನೆಯ ಏಳು ಕಿಟಕಿಗಳಲ್ಲಿ ಎರಡಕ್ಕೆ ರಿಪೇರಿ ಸಾಕಾಯ್ತು, ಮೂರಕ್ಕೆ ಬಾಗಿಲು ಮಾತ್ರ ಬಂತು, ಪೂರ್ತಿ ಬದಲಾಯಿಸಿದ್ದು ಎರಡೇ.

3. ಸರಿಸೋದಾ, ತೆರೆಯೋದಾ?

ಅಂಗಡಿಯಲ್ಲಿ ಯಾವ ಕಂಪನಿ ಅಂತ ಕೇಳೋ ಮುಂಚೆ ಕಿಟಕಿ ಹೇಗೆ ತೆರೆಯುತ್ತೆ ಅಂತ ತೀರ್ಮಾನ ಮಾಡಿ.

ಬಿಸಿ, ಒಣ ಹವೆಯ ಪ್ರದೇಶದಲ್ಲಿ ಕಿಟಕಿಗಳ ಒಟ್ಟು ವಿಸ್ತೀರ್ಣ ಕೋಣೆಯ ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕು ಅನ್ನೋದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ. 10 ಅಡಿಗೆ 10 ಅಡಿ ಕೋಣೆ ಅಂದ್ರೆ 100 ಚದರ ಅಡಿ. ಅದಕ್ಕೆ 10 ಚದರ ಅಡಿ ಕಿಟಕಿ ಬೇಕು. 4 ಅಡಿಗೆ 4 ಅಡಿ ಕಿಟಕಿ 16 ಚದರ ಅಡಿ, ಲೆಕ್ಕಕ್ಕೆ ಧಾರಾಳ ಆಯ್ತು. ಆದ್ರೆ ಎರಡು ಗಾಜಿನ ಸ್ಲೈಡಿಂಗ್ ಹಾಕಿದ್ರೆ ಒಂದು ಗಾಜು ಇನ್ನೊಂದರ ಹಿಂದೆ ಹೋಗುತ್ತೆ. ನಿಜವಾಗಿ ತೆರೆಯೋದು ಅರ್ಧ, ಅಂದ್ರೆ 8 ಚದರ ಅಡಿಗಿಂತ ಹೆಚ್ಚಿಲ್ಲ. ಜಾಲರಿ ಹಾಕಿದ್ರೆ ಗಾಳಿ ಇನ್ನೂ ಸ್ವಲ್ಪ ಕಮ್ಮಿ. ಹಳೇ ಮರದ ಕಿಟಕಿ ಇದ್ದಾಗ ತಂಪಾಗಿದ್ದ ಕೋಣೆ ಹೊಸ ಕಿಟಕಿ ಬಂದ ಮೇಲೆ ಉಸಿರು ಕಟ್ಟೋ ಹಾಗೆ ಆಗೋಕೆ ಇದು ದೊಡ್ಡ ಕಾರಣ.

ಬಾಗಿಲಿನ ಹಾಗೆ ತೆರೆಯೋ ಕಿಟಕಿಗೆ ಅಂಗಡಿ ಭಾಷೆಯಲ್ಲಿ ಕೇಸ್‌ಮೆಂಟ್ ಅಂತಾರೆ. ಅದು ಹೆಚ್ಚುಕಮ್ಮಿ ಪೂರ್ತಿ ತೆರೆಯುತ್ತೆ. ಮುಚ್ಚಿದಾಗ ರಬ್ಬರ್ ಪಟ್ಟಿಯನ್ನು ಒತ್ತಿ ಹಿಡಿಯುತ್ತೆ. ಸ್ಲೈಡಿಂಗ್‌ನಲ್ಲಿ ಇರೋದು ಬ್ರಷ್‌ನಂಥ ಪಟ್ಟಿ, ಗಾಜು ಜಾರಬೇಕಲ್ಲ. ಆ ಸಂದಿಯಲ್ಲಿ ನುಣುಪು ಧೂಳು ಒಳಗೆ ಬರುತ್ತೆ, ಕೆಳಗಿನ ಹಳಿಯಲ್ಲೂ ಕೂರುತ್ತೆ.

ಹಾಗಾಗಿ ನನ್ನ ಸಲಹೆ ಇದು:

• ಪಶ್ಚಿಮಕ್ಕೆ, ಧೂಳಿನ ಕಡೆಗೆ: ರಬ್ಬರ್ ಪಟ್ಟಿ ಇರೋ ಕೇಸ್‌ಮೆಂಟ್.
• ಪೂರ್ವಕ್ಕೆ: ದೊಡ್ಡದಾಗಿ ತೆರೆಯೋ ಕಿಟಕಿ, ಜಾಲರಿ, ಮೇಲೆ ಸಜ್ಜಾ. ಚೌಕಟ್ಟಿನ ಕೆಳಗೆ ನೀರು ಹೊರಗೆ ಹೋಗೋ ತೂತು ಇರಲೇಬೇಕು.
• ಸೌದೆ ಒಲೆ ಇರೋ ಅಡುಗೆಮನೆಗೆ: ಎತ್ತರದಲ್ಲಿ ಹೊಗೆ ಹೋಗೋ ದಾರಿ ಬಿಡಿ. ಎಲ್ಲಾ ಕಡೆ ಬಿಗಿ ಮಾಡಿದ್ರೆ ಹೊರಗಿನ ಧೂಳು ತಪ್ಪಿ ಒಳಗಿನ ಹೊಗೆ ಉಳಿಯುತ್ತೆ.
• ಓಡಾಡೋ ದಾರಿ ಅಥವಾ ಇಕ್ಕಟ್ಟಾದ ಜಗಲಿ ಕಡೆಗೆ: ಹೊರಗೆ ತೆರೆದ ಬಾಗಿಲು ತಲೆಗೆ ತಾಗಬಹುದು, ಅಲ್ಲಿ ಸ್ಲೈಡಿಂಗ್ ಸರಿ.

4. ಯಾವ ಸಾಮಗ್ರಿ?

ಮರ: ತೇಗ, ಹೊನ್ನೆ, ಬೇವು, ಹಲಸು ಬಾಳಿಕೆ ಬರುತ್ತವೆ. ನಮ್ಮಲ್ಲಿ ಬೇಕಾದಷ್ಟು ಸಿಗೋ ನೀಲಗಿರಿಯನ್ನು ಹಸಿಯಾಗಿ ಕೊಯ್ಸಿ ಚೌಕಟ್ಟು ಮಾಡಿಸಬೇಡಿ, ಒಣಗುತ್ತಾ ಸೊಟ್ಟ ಆಗುತ್ತೆ, ಸೀಳುತ್ತೆ. ಹಳೇ ಮನೆ ಒಡೆದ ಮರ ಸಿಕ್ಕರೆ ಸ್ಕ್ರೂಡ್ರೈವರ್ ಪರೀಕ್ಷೆ ಮಾಡಿ ತಗೊಳ್ಳಿ. ಅದು ಚೆನ್ನಾಗಿ ಒಣಗಿರುತ್ತೆ, ಬೆಲೆಯೂ ಚೌಕಾಸಿಗೆ ಬರುತ್ತೆ.

ಕಬ್ಬಿಣ: ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಗ್ರಿಲ್ ಸಮೇತ ಆಗುತ್ತೆ, ಕಳ್ಳರ ಭಯಕ್ಕೂ ಒಳ್ಳೇದು. ಗೋಡೆಗೆ ಕೂರಿಸೋ ಮುಂಚೆಯೇ ನಾಲ್ಕೂ ಕಡೆ ರೆಡ್ ಆಕ್ಸೈಡ್ ಬಳಿಸಿ. ಕೂರಿಸಿದ ಮೇಲೆ ಗೋಡೆಯೊಳಗಿನ ಬದಿಗೆ ಬ್ರಷ್ ಹೋಗಲ್ಲ.

ಅಲ್ಯೂಮಿನಿಯಂ: ತುಕ್ಕು ಇಲ್ಲ, ಗೆದ್ದಲು ಇಲ್ಲ. ಬಿಸಿಲಿಗೆ ಬೇಗ ಕಾಯುತ್ತೆ. ತೆಳು ಸೆಕ್ಷನ್ ಆದ್ರೆ ಅಲ್ಲಾಡುತ್ತೆ, ತುಂಡು ಕೈಯಲ್ಲಿ ಹಿಡಿದು ತೂಕ, ದಪ್ಪ ಹೋಲಿಸಿ.

ಯುಪಿವಿಸಿ: ತುಕ್ಕು, ಗೆದ್ದಲು ಎರಡೂ ಇಲ್ಲ, ಶಾಖ ಕಡಿಮೆ ದಾಟಿಸುತ್ತೆ, ಬಿಗಿಯಾಗಿ ಮುಚ್ಚುತ್ತೆ. ಆದ್ರೆ ಒಳಗೆ ಕಬ್ಬಿಣದ ಪಟ್ಟಿ ಇದೆಯಾ ಅಂತ ಕತ್ತರಿಸಿದ ತುಂಡು ತೋರಿಸೋಕೆ ಹೇಳಿ. ಪಟ್ಟಿ ಇಲ್ಲದ ದೊಡ್ಡ ಕಿಟಕಿ ಕಾಲಕ್ರಮೇಣ ಬಾಗುತ್ತೆ.

ಸಿಮೆಂಟ್ ಚೌಕಟ್ಟು: ಗೆದ್ದಲು ಜಾಸ್ತಿ ಇರೋ ಜಾಗಕ್ಕೆ, ಸ್ಟೋರ್ ರೂಮಿಗೆ, ದನದ ಕೊಟ್ಟಿಗೆಗೆ ಚೆನ್ನಾಗಿ ಹೊಂದುತ್ತೆ.

ಪಶ್ಚಿಮದ ಬಿಸಿಲಿಗೆ ಬಣ್ಣದ ಗಾಜು ಕೊಳ್ಳೋ ಬದಲು ಹೊರಗೇ ನೆರಳು ಮಾಡಿ. ಗೋಡೆಯಿಂದ ಎರಡು ಅಡಿ ಆಚೆ ಚಪ್ಪರ ಹಾಕಿ ಹೀರೆ, ತೊಂಡೆ, ಪ್ಯಾಶನ್ ಫ್ರೂಟ್ ಹಬ್ಬಿಸಿದ್ರೆ ಬಿಸಿಲು ಗಾಜು ಮುಟ್ಟೋ ಮುಂಚೆಯೇ ನಿಲ್ಲುತ್ತೆ. ನರ್ಸರಿಯಲ್ಲಿ ಉಳಿದ ಶೇಡ್‌ನೆಟ್ ತುಂಡು ಕೂಡ ಆದೀತು.

5. ಅಳತೆ ಮತ್ತು ಕೊಟೇಶನ್

ಅಗಲವನ್ನು ಮೇಲೆ, ಮಧ್ಯ, ಕೆಳಗೆ ಮೂರು ಕಡೆ ಅಳೆಯಿರಿ. ಎತ್ತರವನ್ನೂ ಮೂರು ಕಡೆ. ಎರಡರಲ್ಲೂ ಕಡಿಮೆ ಬಂದದ್ದೇ ನಿಮ್ಮ ಅಳತೆ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದಾಗ ವ್ಯತ್ಯಾಸ ಬಂದ್ರೆ ಗೋಡೆ ಸೊಟ್ಟ ಇದೆ ಅಂತ ಅರ್ಥ, ಅದನ್ನು ಮೊದಲೇ ಹೇಳಿ. ಅಡಿ, ಇಂಚು ಬಿಟ್ಟು ಮಿಲಿಮೀಟರ್‌ನಲ್ಲೇ ಬರೆಯಿರಿ. ಕೂರಿಸೋಕೆ ಬಿಡೋ ಸಂದಿಯನ್ನು ಅವರೇ ಕಳೆಯುತ್ತಾರಾ, ನೀವು ಕಳೆದು ಕೊಡಬೇಕಾ ಅಂತ ಕೇಳಿ. ಆರ್ಡರ್‌ಗೆ ಮುಂಚೆ ಅಂಗಡಿಯವರೇ ಬಂದು ಅಳೆಯೋದು ಇನ್ನೂ ಒಳ್ಳೇದು. ಆಮೇಲೆ ಅಳತೆ ತಪ್ಪಿದ್ರೆ ಹೊಣೆ ಯಾರದು ಅನ್ನೋ ಜಗಳ ಇರಲ್ಲ.

ಮೂರು ಕಡೆ ರೇಟು ಕೇಳಿ, ಬರೆದೇ ಇಸ್ಕೊಳ್ಳಿ. ಚದರ ಅಡಿ ರೇಟಿನಲ್ಲಿ ಇವೆಲ್ಲಾ ಸೇರಿದೆಯಾ ಕೇಳಿ: ಜಾಲರಿ, ಗ್ರಿಲ್, ಗಾಜಿನ ದಪ್ಪ, ಚಿಲಕ, ಸಾಗಾಟ, ಕೂರಿಸೋ ಕೂಲಿ, ಗೋಡೆ ಗಾರೆ, ಜಿಎಸ್‌ಟಿ. ಚಿಕ್ಕ ಕಿಟಕಿಗೂ ಕನಿಷ್ಠ ಇಷ್ಟು ಅಡಿ ಅಂತ ಲೆಕ್ಕ ಹಾಕ್ತಾರಾ ಅದನ್ನೂ ಕೇಳಿ. 16 ಚದರ ಅಡಿಯ ಆರು ಕಿಟಕಿ ಅಂದ್ರೆ 96 ಚದರ ಅಡಿ. ಅಡಿಗೆ 100 ರೂಪಾಯಿ ವ್ಯತ್ಯಾಸ ಬಂದ್ರೂ 9,600 ರೂಪಾಯಿ. ಒಬ್ಬರು ಜಾಲರಿ ಸೇರಿಸಿ, ಇನ್ನೊಬ್ಬರು ಬಿಟ್ಟು ಹೇಳಿದ್ರೆ ಕಡಿಮೆ ಕಂಡ ರೇಟೇ ಕೊನೆಗೆ ಜಾಸ್ತಿ ಆಗುತ್ತೆ.

6. ಕೀಳೋವಾಗ ಎಚ್ಚರ

ಕಲ್ಲು, ಮಣ್ಣಿನ ಗಾರೆಯ ಹಳೇ ಗೋಡೆಗಳಲ್ಲಿ ಕಿಟಕಿ ಮೇಲೆ ಲಿಂಟಲ್ ಇದೆಯಾ ಅಂತ ಮೇಸ್ತ್ರಿಗೆ ತೋರಿಸದೆ ಚೌಕಟ್ಟು ಕೀಳಬೇಡಿ. ಕೆಲವು ಮನೆಗಳಲ್ಲಿ ಮೇಲಿನ ಕಲ್ಲುಗಳ ಭಾರ ಚೌಕಟ್ಟಿನ ಮೇಲೇ ಕೂತಿರುತ್ತೆ. ಚಪ್ಪಡಿ ಸೂರಿನ ಮನೆಯಾದ್ರೆ ಆಸರೆ ಕೊಟ್ಟೇ ಕೆಲಸ ಶುರು ಮಾಡಿ. ಒಂದು ದಿನಕ್ಕೆ ಒಂದೇ ಕಿಟಕಿ ಕೀಳಿ.

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಂಗೇ ಉಜ್ಜಬೇಡಿ, ನೀರು ಹಾಕಿ ಉಜ್ಜಿ. ಮಕ್ಕಳನ್ನು, ಗರ್ಭಿಣಿಯರನ್ನು ದೂರ ಇಡಿ. ಆ ಮರವನ್ನು ಒಲೆಗೆ ಹಾಕಬೇಡಿ.

ಕೆಜಿಎಫ್‌ನಲ್ಲಿ ಕಂಪನಿ ಕ್ವಾರ್ಟರ್ಸ್‌ನಲ್ಲಿದ್ದು ಮನೆ ಇನ್ನೂ ನಿಮ್ಮ ಹೆಸರಿಗೆ ಆಗಿಲ್ಲ ಅಂದ್ರೆ ಗೋಡೆ ಒಡೆಯೋ ಕೆಲಸಕ್ಕೆ ದುಡ್ಡು ಸುರಿಯಬೇಡಿ. ಬಿಚ್ಚಿಕೊಂಡು ಹೋಗಬಹುದಾದ ಬಾಗಿಲು, ಜಾಲರಿ, ರಬ್ಬರ್ ಪಟ್ಟಿಯಲ್ಲೇ ಮುಕ್ಕಾಲು ಕೆಲಸ ಆಗುತ್ತೆ.

7. ರೇಷ್ಮೆ ಸಾಕಣೆ ಮನೆ ಇದ್ದರೆ

ಹುಳು ಮನೆ ಕಿಟಕಿಯನ್ನು ವಾಸದ ಮನೆ ಥರ ನೋಡಬೇಡಿ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ಇವತ್ತಿಗೂ ಬಿಟ್ಟಿಲ್ಲ, ಆದ್ದರಿಂದ ಪ್ರತಿ ಕಿಟಕಿಗೂ ನೈಲಾನ್ ಬಲೆ ಸಂದಿಯಿಲ್ಲದೆ ಕೂರಬೇಕು. ಗಾಳಿಯೂ ಆಡಬೇಕು, ಹಾಗಾಗಿ ಅಲ್ಲಿ ಅರ್ಧ ಮಾತ್ರ ತೆರೆಯೋ ಸ್ಲೈಡಿಂಗ್ ಬೇಡ. ಮರದ ಚೌಕಟ್ಟಿಗೆ ಗೆದ್ದಲಿನ ಕೀಟನಾಶಕ ಬಳಿಯೋದಂತೂ ಬೇಡವೇ ಬೇಡ, ಹುಳುವೂ ಕೀಟವೇ ತಾನೇ? ಕಬ್ಬಿಣ ಅಥವಾ ಸಿಮೆಂಟ್ ಚೌಕಟ್ಟು ಹಾಕಿ. ಬಣ್ಣ ಬಳಿಯೋದಿದ್ರೆ ಎರಡು ಬೆಳೆ ನಡುವಿನ ಬಿಡುವಿನಲ್ಲಿ ಬಳಿದು, ವಾಸನೆ ಪೂರ್ತಿ ಹೋದ ಮೇಲೆ ಚಾಕಿ ತನ್ನಿ.

ಈ ವಾರ ಏನು ಮಾಡ್ತೀರಿ?

ದುಡ್ಡು ಖರ್ಚು ಮಾಡಬೇಡಿ. ಒಂದು ಸ್ಕ್ರೂಡ್ರೈವರ್, ಟೇಪು, ಊದುಬತ್ತಿ, ಫೋನು ಹಿಡ್ಕೊಂಡು ಮನೆ ಸುತ್ತ ಒಂದು ಸುತ್ತು ಹಾಕಿ. ಕಿಟಕಿ ನಂಬರ್, ದಿಕ್ಕು, ಕೆಟ್ಟ ಭಾಗ, ಒಳಗೆ ಯಾರು ಇರ್ತಾರೆ ಅಂತ ನಾಲ್ಕು ಕಾಲಮ್ ಬರೆಯಿರಿ. ಮನೆಯಲ್ಲಿರೋ ಹಿರಿಯರನ್ನೂ ಕೇಳಿ, ರಾತ್ರಿ ಗಾಳಿ ಎಲ್ಲಿಂದ ಬರುತ್ತೆ, ಮಳೆ ನೀರು ಎಲ್ಲಿ ಇಳಿಯುತ್ತೆ ಅನ್ನೋದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆ ಹಾಳೆ ಕೈಯಲ್ಲಿಟ್ಟುಕೊಂಡು ಅಂಗಡಿಗೆ ಹೋದ್ರೆ, ಏನು ಬೇಕು ಅಂತ ಹೇಳೋರು ನೀವಾಗಿರ್ತೀರಿ, ಅಂಗಡಿಯವರಲ್ಲ. ಈ ಸಲ ಒಂದೇ ಕಿಟಕಿಗೆ ದುಡ್ಡು ಸಾಲುತ್ತೆ ಅಂದ್ರೂ ಪರವಾಗಿಲ್ಲ, ಆ ಒಂದನ್ನು ಸರಿಯಾಗಿ ಮಾಡಿ. ಉಳಿದವು ಮುಂದಿನ ಬೆಳೆಗೆ ಇರಲಿ.