ಮೂರು ದೀಪದಲ್ಲಿ ಒಂದು ಆರಿದಾಗ

ಕಡಿಮೆ ದುಡ್ಡಿನಲ್ಲಿ ಹೆದರಿಸುವ ಸಿನಿಮಾ ಮಾಡಲು ಹೊರಟವರನ್ನು ಮೊದಲು ಕಾಡುವುದು ದೆವ್ವವನ್ನು ತೋರಿಸುವುದು ಹೇಗೆಂಬ ಚಿಂತೆ. ಮೇಕಪ್ಪಿಗೆಷ್ಟು, ಹೊಗೆ ಬಿಡುವ ಮಷಿನ್ನಿನ ಬಾಡಿಗೆ ಎಷ್ಟು, ಗ್ರಾಫಿಕ್ಸ್‌ಗೆ ಎಷ್ಟು ಎಂದು ಲೆಕ್ಕ ಶುರುವಾಗುತ್ತದೆ. ಗಡಿಯೂರು ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿಕೊಂಡು ಕಿರುಚಿತ್ರ ಮಾಡುವ ನಮ್ಮ ಗುಂಪಿನಲ್ಲೂ ಇದೇ ಚರ್ಚೆ. ಕೆಲವು ಚಿತ್ರ ಮಾಡಿ, ಅವನ್ನು ಜನರ ನಡುವೆ ಕೂತು ನೋಡಿದ ಮೇಲೆ ನನಗೆ ಖಾತ್ರಿಯಾಗಿರುವುದು ಒಂದು: ಭಯದ ಬಂಡವಾಳ ನೋಡುವವನ ತಲೆಯಲ್ಲೇ ಇರುತ್ತದೆ. ಅವನಿಗೆ ಚೆನ್ನಾಗಿ ಗೊತ್ತಿರುವ ಜಾಗ, ವಸ್ತು, ಸದ್ದು ಯಾವುದು ಎಂದು ಹುಡುಕಿ ಅದನ್ನು ಒಂದಿಷ್ಟು ಅಲುಗಿಸಿದರೆ ಸಾಕು.

ತಳಿ ಕಡೆಯ ಒಂದು ಹಳ್ಳಿಯಲ್ಲಿ, ಹಳೇ ಬಾವಿಯ ಪಕ್ಕದ ಮೋಟರ್ ಶೆಡ್ಡಿನಲ್ಲಿ ನಾವೊಂದು ಚಿತ್ರ ತೆಗೆದೆವು. ಕಥೆ ಸಣ್ಣದು. ಅಣ್ಣ ತೀರಿಕೊಂಡಿದ್ದಾನೆ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ಈಗ ತಮ್ಮ ಹೋಗಬೇಕು. ಅವನು ಹೋಗುವಷ್ಟರಲ್ಲಿ ಮೋಟರ್ ಓಡುತ್ತಿರುತ್ತದೆ. ಶೆಡ್ಡಿನೊಳಗೆ ನಾವು ಬೇರೆ ಲೈಟು ಇಡಲಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಫೇಸಿಗೊಂದರಂತೆ ಇರುವ ಕೆಂಪು, ಹಳದಿ, ನೀಲಿ ದೀಪಗಳು ಮತ್ತು ಹುಡುಗನ ಕೈಲಿದ್ದ ಟಾರ್ಚು, ಅಷ್ಟೇ ಬೆಳಕು. ಅವನು ಒಳಗೆ ಕಾಲಿಟ್ಟಾಗ ಹಳದಿ ದೀಪ ಆರುತ್ತದೆ, ಮೋಟರಿನ ಸದ್ದು ಭಾರವಾಗುತ್ತದೆ. ನಿಜವಾಗಿ ಎರಡೇ ಫೇಸಿನಲ್ಲಿ ಓಡಿಸಿದರೆ ಮೋಟರ್ ಸುಟ್ಟುಹೋಗುತ್ತದೆ. ಅದಕ್ಕೇ ದೀಪದ ವೈರನ್ನಷ್ಟೇ ಸಡಿಲಿಸಿದೆವು. ಆ ಗೊರಗೊರ ಸದ್ದನ್ನು ಹೊಸೂರಿನ ಒಂದು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ, ರಿಪೇರಿಗೆ ಬಂದ ಮೋಟರ್ ಪರೀಕ್ಷಿಸುವಾಗ ರೆಕಾರ್ಡ್ ಮಾಡಿಕೊಂಡೆವು.

ಊರಿನ ಮಾರಮ್ಮನ ಗುಡಿ ಮುಂದೆ ಬಿಳಿ ಬಟ್ಟೆ ಕಟ್ಟಿ ತೋರಿಸಿದಾಗ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಹಳದಿ ದೀಪ ಆರಿದ ಕೂಡಲೇ ಮುಂದೆ ಕೂತಿದ್ದ ರೈತರೊಬ್ಬರು "ಲೋ, ಮುಟ್ಟಬೇಡ್ವೋ!" ಎಂದು ಕೂಗಿದರು. ತೆರೆಯ ಮೇಲೆ ದೆವ್ವದ ಸುಳಿವೂ ಇರಲಿಲ್ಲ. ಒಂದು ಫೇಸ್ ಹೋದರೆ ಏನಾಗುತ್ತದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಸಾಲ ಮಾಡಿ ಮೋಟರ್ ವೈಂಡಿಂಗ್ ಮಾಡಿಸಿದವರು ಅವರು. ಆ ಭಯವನ್ನು ನಾವು ಹುಟ್ಟಿಸಿದ್ದಲ್ಲ, ಅವರ ಬಳಿ ಇದ್ದದ್ದನ್ನು ಕರೆದೆವು.

ಅದೇ ಚಿತ್ರವನ್ನು ಬೆಂಗಳೂರಿನ ಒಂದು ಸಣ್ಣ ಹಾಲ್‌ನಲ್ಲಿ ತೋರಿಸಿದೆವು. ದೀಪ ಆರಿತು, ಯಾರೂ ಮಿಸುಕಲಿಲ್ಲ. ಅವರು ಬೆಚ್ಚಿದ್ದು ಬೇರೆ ಕಡೆ. ಅಣ್ಣನಿಗೆ ಹಸಿರು ಗುಂಡಿ ಒತ್ತುವ ಮೊದಲು ಬೆರಳಗೆಣ್ಣಿನಿಂದ ಪೆಟ್ಟಿಗೆಯನ್ನು ಎರಡು ಸಲ ತಟ್ಟುವ ಅಭ್ಯಾಸ. ಅದನ್ನು ಚಿತ್ರದ ಮೊದಲಲ್ಲೇ, ನಗುವ ಸನ್ನಿವೇಶವೊಂದರಲ್ಲಿ ತೋರಿಸಿದ್ದೆವು. ಕೊನೆಗೆ ಶೆಡ್ಡಿನ ಹೊರಗೆ ನಿಂತ ತಮ್ಮನಿಗೆ ಒಳಗಿನಿಂದ ಟಕ್ ಟಕ್ ಎಂದು ಎರಡು ಸಲ ಕೇಳುತ್ತದೆ. ಇಡೀ ಹಾಲ್ ಉಸಿರು ಬಿಗಿ ಹಿಡಿಯಿತು. ನೋಡುವವರಿಗೆ ಗೊತ್ತಿಲ್ಲದಿದ್ದರೆ ಚಿತ್ರವೇ ಮೊದಲು ಗೊತ್ತು ಮಾಡಿಸಬೇಕು, ಆಮೇಲೆ ಹೆದರಿಸಬೇಕು ಎಂಬುದನ್ನು ನಾನು ಕಲಿತದ್ದು ಆ ಸಂಜೆ.

ಆಮೇಲೆ ಹಳೆಯ ಚಿತ್ರಗಳನ್ನು ಮತ್ತೆ ನೋಡಿದಾಗ ಈ ಕಸುಬು ಎಲ್ಲೆಲ್ಲೂ ಕಾಣತೊಡಗಿತು. ಪವನ್ ಕುಮಾರ್ 2016ರಲ್ಲಿ ಮಾಡಿದ 'ಯು ಟರ್ನ್' ನಿಂತಿರುವುದು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನ ಮೇಲೆ, ಅಲ್ಲಿ ರಸ್ತೆ ಮಧ್ಯೆ ಇಟ್ಟಿದ್ದ ಕಲ್ಲುಗಳ ಮೇಲೆ. ಬೈಕಿನವರು ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗಿಕೊಂಡು ಹೋಗುತ್ತಾರೆ. ದಿನಾ ಎಲ್ಲರೂ ನೋಡಿ ಸುಮ್ಮನಾಗುವ ತಪ್ಪು ಅದು. ಅತ್ತಿಬೆಲೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ನಮ್ಮಂಥವರಿಗೆ ಅಂಥ ಕಲ್ಲುಗಳು ಹೊಸದಲ್ಲ. ಆ ಸಿನಿಮಾ ನೋಡಿದ ಮೇಲೆ ಫ್ಲೈಓವರ್ ಮೇಲೆ ಸರಿದ ಕಲ್ಲು ಕಂಡರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. 2018ರಲ್ಲಿ ಅವರೇ ಅದನ್ನು ತಮಿಳು, ತೆಲುಗಿನಲ್ಲೂ ಮಾಡಿದರು. ಮೂರೂ ಭಾಷೆ ಆಡುವ ನಮ್ಮೂರಿನಲ್ಲಿ ಯಾವುದು ಚೆನ್ನಾಗಿದೆ ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನ ಮತ ಕನ್ನಡದ್ದಕ್ಕೆ.

ಗಡಿ ದಾಟಿದ ಇನ್ನೊಂದು ಚಿತ್ರ ಸುನೀಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ, 1989ರ 'ತರ್ಕ'. ಶಂಕರ್ ನಾಗ್, ದೇವರಾಜ್, ವನಿತಾ ವಾಸು ಇದ್ದ ಆ ಚಿತ್ರದಲ್ಲಿ ಹಾಡುಗಳೇ ಇಲ್ಲ. ಹಾಡಿಲ್ಲದೆ ಸಿನಿಮಾ ಓಡುವುದಿಲ್ಲ ಎನ್ನುತ್ತಿದ್ದ ಕಾಲ ಅದು. ಹಾಡು ಬಂದರೆ ಪ್ರೇಕ್ಷಕ ಎದ್ದು ಬೀಡಿ ಸೇದಲು ಹೋಗುತ್ತಾನೆ, ಮನಸ್ಸಿನ ಬಿಗಿ ಸಡಿಲವಾಗುತ್ತದೆ. ದೇಸಾಯಿ ಆ ಬಾಗಿಲನ್ನೇ ಮುಚ್ಚಿದರು. ಮರುವರ್ಷ ಕೆ.ಎಸ್. ರವಿಕುಮಾರ್ ಅದನ್ನು 'ಪುರಿಯಾದ ಪುದಿರ್' ಎಂದು ತಮಿಳಿಗೆ ತಂದು ನಿರ್ದೇಶಕರಾದರು. ಅದರಲ್ಲಿ ಸಂಶಯದ ಗಂಡನಾದ ರಘುವರನ್ "ಐ ನೋ" ಎಂಬ ಎರಡೇ ಪದವನ್ನು ಬೇರೆ ಬೇರೆ ದನಿಯಲ್ಲಿ ಹೇಳುತ್ತಾ ಹೋಗುವ ದೃಶ್ಯವನ್ನು ಕೃಷ್ಣಗಿರಿಯಲ್ಲಿ ಯಾರನ್ನು ಕೇಳಿದರೂ ಮಾಡಿ ತೋರಿಸುತ್ತಾರೆ. ಸಂಶಯದ ಗಂಡ ಯಾವ ದೆವ್ವಕ್ಕೂ ಕಡಿಮೆಯಿಲ್ಲ, ಅವನಿಗೆ ಗ್ರಾಫಿಕ್ಸ್ ಬೇಕಿಲ್ಲ.

ಹೊರಗಿನವರ ಕಥೆಯೂ ಹೀಗೇ. ಓರೆನ್ ಪೆಲಿ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯನ್ನು ಸುಮಾರು 15,000 ಡಾಲರಿನಲ್ಲಿ, ಸ್ವಂತ ಮನೆಯಲ್ಲಿ ತೆಗೆದರು. ಮಲಗುವ ಕೋಣೆಯಲ್ಲಿ ಅಲುಗದೆ ನಿಂತ ಕ್ಯಾಮೆರಾ, ಮೂಲೆಯಲ್ಲಿ ಓಡುವ ಗಡಿಯಾರ. ಬಾಗಿಲು ಒಂದಿಷ್ಟು ಸರಿದರೆ ಸಾಕು. 1942ರ 'ಕ್ಯಾಟ್ ಪೀಪಲ್'ನಲ್ಲಿ ಒಬ್ಬಳೇ ನಡೆದುಹೋಗುವ ಹೆಂಗಸಿನ ಹಿಂದೆ ಇನ್ನೊಬ್ಬಳ ಹೆಜ್ಜೆ ಸದ್ದು ಬರುತ್ತಿರುತ್ತದೆ, ನಡುವೆ ನಿಂತುಬಿಡುತ್ತದೆ. ಅಲ್ಲಿಂದ ಮುಂದಿನ ಮೌನವೇ ಚಿತ್ರದ ಅತಿ ಭಯಂಕರ ಭಾಗ. ಕೊನೆಗೆ ಬುಸ್ಸೆಂದು ಬಂದು ನಿಲ್ಲುವುದು ಬರೀ ಒಂದು ಬಸ್ಸು.

ಸದ್ದು ನಿಲ್ಲುವುದರ ಬೆಲೆಯನ್ನು ನನಗೆ ಕಲಿಸಿದವರು ರಾಗಿ ಹೊಲ ಕಾಯುವ ಒಬ್ಬ ತಾತ. ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ಡೆಂಕಣಿಕೋಟೆ ಕಾಡಿಗೆ ಆನೆಗಳು ಬರುವುದು ರಾಗಿ ಕೊಯ್ಲಿನ ಹೊತ್ತಿಗೆ. ಅಟ್ಟಣೆಯ ಮೇಲೆ ಜೊತೆಗೆ ಕೂತಿದ್ದಾಗ ನಾನು ಟಾರ್ಚು ಬಿಟ್ಟು ಬಿಟ್ಟು ನೋಡುತ್ತಿದ್ದೆ. ತಾತ ತಡೆದರು. "ಅದನ್ನ ಆರಿಸಪ್ಪ. ಆನೆ ನಡೆದ್ರೆ ಸದ್ದಾಗಲ್ಲ. ಹುಳ ಕೂಗೋದು ನಿಂತೋಗ್ತದೆ, ಆಗ ಎದ್ದು ಕೂತ್ಕೊ." ಅಂದು ರಾತ್ರಿ ಹುಳಗಳ ಸದ್ದನ್ನು ಬಿಟ್ಟು ಬೇರೇನನ್ನೂ ಕೇಳಲು ನನ್ನಿಂದ ಆಗಲಿಲ್ಲ. ಅಂದಿನಿಂದ ನಮ್ಮ ಚಿತ್ರಗಳಲ್ಲಿ ಹೆದರಿಕೆಯ ಜಾಗಕ್ಕೆ ಸಂಗೀತ ತುಂಬುವುದನ್ನು ಬಿಟ್ಟಿದ್ದೇವೆ. ಮೊದಲಿಂದ ಹುಳಗಳ ಸದ್ದು ಇಟ್ಟು ಅಭ್ಯಾಸ ಮಾಡಿಸಿ, ಬೇಕಾದ ಕಡೆ ತೆಗೆದುಬಿಡುತ್ತೇವೆ. ಸದ್ದು ಯಾವಾಗ ನಿಂತಿತೆಂದು ನೋಡುವವರು ಹೇಳಲಾರರು, ಆದರೆ ಬೆನ್ನು ನೆಟ್ಟಗಾಗುವುದು ಹಿಂದಿನಿಂದ ಕಾಣುತ್ತದೆ.

ಢಂ ಎಂದು ಸದ್ದು ಮಾಡಿ ಮುಖವನ್ನು ಕ್ಯಾಮೆರಾಗೆ ತರುವುದನ್ನು ನಾನು ಭಯವೆಂದು ಒಪ್ಪುವುದಿಲ್ಲ. ಬೆಚ್ಚುವುದು ಒಂದು ಕ್ಷಣದ್ದು, ಭಯ ಮನೆವರೆಗೆ ಬರುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಹಬ್ಬಿದ 'ನಾಳೆ ಬಾ' ಸುದ್ದಿಯನ್ನು ನೆನೆಯಿರಿ. ರಾತ್ರಿ ಬಾಗಿಲು ಬಡಿಯುವ ದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತದಂತೆ. ಅದನ್ನು ವಾಪಸ್ ಕಳಿಸಲು ನಮ್ಮ ಕಡೆಯೂ ಬಾಗಿಲುಗಳ ಮೇಲೆ 'ನಾಳೆ ಬಾ' ಎಂಬ ಬರಹ ಬಂತು. ಆ ದೆವ್ವವನ್ನು ಕಂಡವರಿಲ್ಲ, ಅದರ ರೂಪ ಹೇಳಿದವರಿಲ್ಲ. ಅಮ್ಮನ ದನಿ ಹೊರಗಿನಿಂದ ಬಂದರೆ ಬಾಗಿಲು ತೆಗೆಯಬೇಕೋ ಬೇಡವೋ, ಅಷ್ಟೇ ಪ್ರಶ್ನೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಚಿತ್ರಕಥೆ ನನಗೆ ಗೊತ್ತಿಲ್ಲ.

ನಮ್ಮ ಗಡಿ ಊರುಗಳಲ್ಲಿ ಫೋನು ಹಿಡಿದು ಸಿನಿಮಾ ಮಾಡುವ ಹುಡುಗ ಹುಡುಗಿಯರು ಈಗ ಬಹಳ ಇದ್ದಾರೆ. ಅವರಲ್ಲಿ ನನ್ನದೊಂದು ಮನವಿ. ಡ್ರೋನಿಗೂ ಹೊಗೆ ಮಷಿನ್ನಿಗೂ ಎತ್ತಿಟ್ಟ ದುಡ್ಡನ್ನು ಒಳ್ಳೆಯ ಮೈಕಿಗೆ, ರೆಕಾರ್ಡರಿಗೆ ಹಾಕಿ. ನಿಮ್ಮ ಊರಿನವರು ಯಾವುದಕ್ಕೆ ನಿಜವಾಗಿ ಹೆದರುತ್ತಾರೆಂದು ಅವರನ್ನೇ ಕೇಳಿ ಕಥೆ ಬರೆಯಿರಿ. ಸಿನಿಮಾ ಮುಗಿದ ಮೇಲೆ ಬೆಂಗಳೂರಿಗೋ ಚೆನ್ನೈಗೋ ಕಳಿಸುವ ಮುಂಚೆ ಊರಿನ ಗುಡಿ ಮುಂದೆ ಒಮ್ಮೆ ತೋರಿಸಿ, ತೆರೆಗೆ ಬೆನ್ನು ಮಾಡಿ ನಿಂತು ಅವರ ಮುಖಗಳನ್ನು ನೋಡಿ.